ಪಿಟೀಲು ಕಾಣಿಸುತ್ತದೆ, ಕೇಳಿಸುವುದಿಲ್ಲ

ನನ್ನ ಕಿವಿಯ ವಿಷಯದಲ್ಲಿ ನನಗೆ ಮೊದಲಿನಿಂದಲೂ ಸ್ವಲ್ಪ ಜಂಬ. ಆ ಜಂಬವೇ ನನ್ನನ್ನು ಈ ಗತಿಗೆ ತಂದದ್ದು. ನಿಮ್ಮ ಹತ್ತಿರ ಹೇಳಿಕೊಳ್ಳದೆ ಇನ್ಯಾರ ಹತ್ತಿರ ಹೇಳಿಕೊಳ್ಳಲಿ? ನಮ್ಮ ಕಟ್ಟಡದಲ್ಲಂತೂ ಸದ್ಯಕ್ಕೆ ನನ್ನ ಮುಖ ನೋಡುವವರಿಲ್ಲ.

ನಾನು ಪಿಂಗಾಣಿ ಕಾರ್ಖಾನೆಯ ತಪಾಸಣೆ ವಿಭಾಗದವನು. ಭಟ್ಟಿಯಿಂದ ಬಂದ ಕಪ್ಪನ್ನು ಬಲಗೈಯಲ್ಲಿ ಎತ್ತಿ, ಬಲಗಿವಿಯ ಹತ್ತಿರ ಹಿಡಿದು, ಎಡಗೈಲಿರುವ ಮರದ ಕಡ್ಡಿಯಿಂದ ಮೆಲ್ಲಗೆ ತಟ್ಟಬೇಕು. (ನಾನು ಎಡಚ.) ‘ಟಣ್’ ಅಂದರೆ ಗಟ್ಟಿ. ‘ಟಪ್’ ಅಂದರೆ ಕಣ್ಣಿಗೆ ಕಾಣದ ಬಿರುಕು ಎಲ್ಲೋ ಇದೆ ಅಂತ ಅರ್ಥ. ಮೀಸೆ ಮೂಡುವ ಮುಂಚಿನಿಂದ ಟಣ್-ಟಪ್ ಕೇಳಿ ಪಳಗಿದ ಕಿವಿ ಇದು. ಮದುವೆಯಾಗುವಾಗ ಮಾತ್ರ ತಟ್ಟಿ ನೋಡಲಿಲ್ಲ ಅಂತ ಒಮ್ಮೆ ತಮಾಷೆ ಮಾಡಿದ್ದೆ. ಆ ದಿನ ಮನೆಯಲ್ಲಿ ‘ಟಪ್’ ಅಂದದ್ದು ನಾನೇ.

ಇಂಥ ಕಿವಿಗೆ ತಕ್ಕ ಮರ್ಯಾದೆ ಬೇಡವೇ? ಅದಕ್ಕೇ ಗೋಡೆಯಗಲದ ಟಿವಿಯನ್ನೂ ಅದರ ಎರಡೂ ಪಕ್ಕ ದ್ವಾರಪಾಲಕರಂಥ ಸ್ಪೀಕರುಗಳನ್ನೂ ತಂದಿಟ್ಟೆ. ಮನೆಗೆ ಬಂದವರನ್ನೆಲ್ಲ ಸೋಫಾದ ನಟ್ಟನಡುವೆ ಕೂರಿಸಿ, ಯಾವುದಾದರೂ ಕಛೇರಿಯ ವಿಡಿಯೋ ಹಾಕಿ, “ಆ ತಂಬೂರಿ ಎಲ್ಲಿಂದ ಬರ್ತಿದೆ ಹೇಳಿ ನೋಡೋಣ” ಅಂತ ಪರೀಕ್ಷೆ ಮಾಡುತ್ತಿದ್ದೆ. ಬರಬರುತ್ತಾ ತಂಬೂರಿ ಬರುತ್ತಿತ್ತು, ಜನ ಬರುವುದು ನಿಂತಿತು.

ಹೀಗಿರುವಾಗ ಒಂದು ಭಾನುವಾರ ಕಟ್ಟಡದ ಸಂಘದ ಕಾರ್ಯದರ್ಶಿ ತಾನಾಗಿಯೇ ಬಂದ. ಮನೆಮನೆಯಲ್ಲೂ ಒಂದು ಕಛೇರಿ ಮಾಡಿ ವಿಡಿಯೋ ತೆಗೆದು ಕಳಿಸುವ ಸ್ಪರ್ಧೆಯಂತೆ. ಗೆದ್ದವರು ವಾರ್ಷಿಕ ಸಭೆಯಲ್ಲಿ ಎಲ್ಲರ ಮುಂದೆ ಕಛೇರಿ ಕೊಡಬೇಕಂತೆ.

“ತೀರ್ಪುಗಾರರು ನೀವೇ ಆಗ್ಬೇಕು ಸಾರ್,” ಅಂದ.

“ನನಗೆ ಸಂಗೀತದ ಗಂಧವೇ ಇಲ್ವಲ್ಲಪ್ಪ.”

“ಅದಕ್ಕೇ ಸಾರ್! ಹಾಡಿಗೆ ಅಂಕ ಹಾಕಿದ್ರೆ ನಾಳೆಯಿಂದ ಯಾರೂ ಯಾರ ಜೊತೇನೂ ಲಿಫ್ಟ್ ಹತ್ತಲ್ಲ. ನೀವು ಚಿತ್ರಕ್ಕೆ ಐದು, ಧ್ವನಿಗೆ ಐದು, ಅಷ್ಟೇ ಹಾಕಿ. ಚೆನ್ನಾಗಿ ಕಾಣುತ್ತಾ, ಚೆನ್ನಾಗಿ ಕೇಳುತ್ತಾ? ಮುಗೀತು. ಯಾರ ಮನಸ್ಸೂ ನೋಯಲ್ಲ.”

ಎಂಥ ಮುತ್ತಿನಂಥ ಮಾತು! ಒಳಗಿನಿಂದ ಹೆಂಡತಿ ಮಾತ್ರ, “ಊರ ಉಸಾಬರಿ ಯಾಕ್ರೀ ನಿಮಗೆ?” ಅಂದಳು. ಅದು ನನಗೆ ಅರೆಬರೆ ಕೇಳಿಸಿತು. ಹೆಂಡತಿಯ ಮಾತು ಅರೆಬರೆ ಕೇಳಿಸುವುದು ಗೃಹಸ್ಥನ ಸಹಜ ಲಕ್ಷಣ ಅಂದುಕೊಂಡೆನೇ ಹೊರತು, ಅದು ರೋಗಲಕ್ಷಣವೂ ಆಗಿರಬಹುದು ಅಂತ ಹೊಳೆಯಲಿಲ್ಲ.

ಆ ವಾರವೆಲ್ಲ ನಾನು ನ್ಯಾಯಮೂರ್ತಿ. ಹೆಂಡತಿ ಮನೆಯಲ್ಲೇ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾಳೆ. ಪರೀಕ್ಷೆ ಹತ್ತಿರವಿದ್ದ ಕಾರಣ ಸ್ಪೀಕರುಗಳಿಗೆ ನಿಷೇಧಾಜ್ಞೆ ಬಿತ್ತು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ವಿಚಾರಣೆಗೆ ಕೂತೆ.

ಏನೇನು ನೋಡಿದೆ ಅಂತೀರಿ! ಒಬ್ಬ ಯುವಕ ದನಿ ಚೆನ್ನಾಗಿ ತುಂಬುತ್ತದೆ ಅಂತ ಬಚ್ಚಲುಮನೆಯಲ್ಲಿ ಹಾಡಿದ್ದ. ಧ್ವನಿ ಗಂಭೀರವಾಗಿತ್ತು, ಚಿತ್ರದ ತುಂಬ ಹಬೆ. ಇನ್ನೊಂದು ಮನೆಯಲ್ಲಿ ಅಜ್ಜಿಯ ಹಾಡಿಗೆ ಮಿಕ್ಸರು ಪಕ್ಕವಾದ್ಯ. ಮತ್ತೊಂದರಲ್ಲಿ ಕೊಳಲು ಬಹಳ ಇಂಪು, ಆದರೆ ಉದ್ದಕ್ಕೂ ಕಂಡದ್ದು ಚಿತ್ರ ತೆಗೆದವರ ಹೆಬ್ಬೆರಳು. ‘ಹೆಬ್ಬೆರಳು ಸ್ಪಷ್ಟವಾಗಿ ಮೂಡಿಬಂದಿದೆ’ ಅಂತ ಬರೆದು ಒಂದು ಅಂಕ ಕೊಟ್ಟೆ.

ಕೊನೆಗೆ ಬಂದದ್ದು ಮೇಲಿನ ಮಹಡಿಯ ಡಾಕ್ಟ್ರಮ್ಮನ ವಿಡಿಯೋ. ಅವರು ಕಿವಿ, ಮೂಗು, ಗಂಟಲಿನ ಡಾಕ್ಟರು. ಅವರದ್ದು ಪಿಟೀಲು, ಯಜಮಾನರದ್ದು ಕೀಬೋರ್ಡು. ಒಳ್ಳೆಯ ದೀಪ, ಅಲುಗದ ಕ್ಯಾಮರಾ, ಇಬ್ಬರಿಗೂ ಬೇರೆ ಬೇರೆ ಮೈಕು. ನೋಡಲು ಎರಡು ಕಣ್ಣು ಸಾಲದು. ಡಾಕ್ಟ್ರಮ್ಮ ಪಿಟೀಲನ್ನು ಗಲ್ಲಕ್ಕೊತ್ತಿ, ಕಣ್ಣು ಮುಚ್ಚಿ, ಮೈಯೆಲ್ಲ ತೂಗಿ ಕಮಾನು ಎಳೆಯುತ್ತಿದ್ದಾರೆ. ಕೇಳಿಸುತ್ತಿರುವುದು ಕೀಬೋರ್ಡು ಮಾತ್ರ! ಧ್ವನಿ ಏರಿಸಿದೆ. ಕೀಬೋರ್ಡು ಕಿವಿಗೆ ಗುದ್ದಿತು. ಪಿಟೀಲಿನ ಸುಳಿವಿಲ್ಲ.

ನನ್ನೊಳಗಿನ ತಪಾಸಣೆ ವಿಭಾಗ ಎದ್ದು ನಿಂತಿತು. ಬರೆದೆ: ‘ಪಿಟೀಲು ಕಾಣಿಸುತ್ತದೆ, ಕೇಳಿಸುವುದಿಲ್ಲ. ಧ್ವನಿ: ಐದಕ್ಕೆ ಅರ್ಧ.’ ಮರುದಿನ ಕೆಳಗಿನ ಸೂಚನಾ ಫಲಕದಲ್ಲಿ ಅದನ್ನೆಲ್ಲ ಅಂಟಿಸಿದರು. ಕೊಳಲು, ಅಜ್ಜಿ, ಬಚ್ಚಲು ಎಲ್ಲರೂ ಡಾಕ್ಟ್ರಮ್ಮನನ್ನು ಹಿಂದೆ ಹಾಕಿದ್ದರು. ಬಚ್ಚಲುಮನೆಯ ಯುವಕನೇ ಮೊದಲ ಸ್ಥಾನ.

ಆಮೇಲೆ ಶುರುವಾಯಿತು ನೋಡಿ, ನನ್ನ ಪುಕಪುಕ.

ಲಿಫ್ಟಿನಲ್ಲಿ ಡಾಕ್ಟ್ರಮ್ಮ ಸಿಕ್ಕರು. ನಕ್ಕರು. ಬಯ್ದಿದ್ದರೆ ಬಯ್ಗುಳ ಅಂತ ಗೊತ್ತಾಗುತ್ತಿತ್ತು. ಈ ನಗುವಿಗೆ ಏನರ್ಥ? ಅಷ್ಟೇ ಅಲ್ಲ. ಎಂದೂ ಮಾತಾಡಿಸದ ಕೆಳಮನೆಯಾತ ನನ್ನ ಕೈ ಕುಲುಕಿ, “ದೊಡ್ಡ ಉಪಕಾರ ಆಯ್ತು ಸಾರ್,” ಅಂದ. ಕಾವಲುಗಾರ ಎದ್ದು ನಿಂತು ಸಲಾಮು ಹೊಡೆದ. ಎದುರುಮನೆಯಾಕೆ ಬಟ್ಟಲು ತುಂಬ ತಿಂಡಿ ಕಳಿಸಿದಳು. ಎಲ್ಲಕ್ಕಿಂತ ಭಯಂಕರವಾದದ್ದೆಂದರೆ, ನನ್ನ ಹೆಂಡತಿ ನನ್ನನ್ನು ಪ್ರೀತಿಯಿಂದ ನೋಡತೊಡಗಿದಳು.

“ಎಷ್ಟು ಜಾಣರು ರೀ ನೀವು,” ಅಂದಳು ಒಂದು ಸಂಜೆ.

ಇಷ್ಟು ವರ್ಷದ ಸಂಸಾರದಲ್ಲಿ ಆಕೆಯ ಬಾಯಿಂದ ಇಂಥ ಮಾತು ಬಂದದ್ದಿಲ್ಲ. ಸಾಯುವವರಿಗಷ್ಟೇ ಜನ ಹೀಗೆ ಉಪಚಾರ ಮಾಡುತ್ತಾರೆ. ನನಗೆ ಏನೋ ಆಗಿದೆ, ಎಲ್ಲರಿಗೂ ಗೊತ್ತು, ನನಗೊಬ್ಬನಿಗೆ ಹೇಳುತ್ತಿಲ್ಲ!

ಆ ಅನುಮಾನಕ್ಕೆ ಕಾರ್ಖಾನೆಯಲ್ಲಿ ಸಾಕ್ಷಿಯೂ ಸಿಕ್ಕಿತು. ಕೆಲವು ದಿನಗಳಿಂದ ನನ್ನ ಮೇಜಿನಲ್ಲಿ ‘ಟಪ್’ ಹೆಚ್ಚುತ್ತಲೇ ಇತ್ತು, ಭಟ್ಟಿಯದೇ ತಪ್ಪು ಅಂದುಕೊಂಡಿದ್ದೆ. ಅವತ್ತು ಬೆಳಿಗ್ಗೆ ಮೊದಲ ಕಪ್ಪು ತಟ್ಟಿದೆ. ‘ಟಪ್’. ಪಕ್ಕಕ್ಕಿಟ್ಟೆ. ಎರಡನೆಯದೂ ‘ಟಪ್’. ಇಡೀ ತಟ್ಟೆಗೆ ತಟ್ಟೆಯೇ ‘ಟಪ್’. ಎದ್ದು ನಿಂತು, “ಭಟ್ಟಿ ನಿಲ್ಸಿ! ಮಾಲೆಲ್ಲಾ ಸೀಳಿದೆ!” ಅಂತ ಬೊಬ್ಬೆ ಹಾಕಿದೆ. ಭಟ್ಟಿ ನಿಂತಿತು. ಮೇಲ್ವಿಚಾರಕ ಓಡಿಬಂದ. ಪಕ್ಕದ ಮೇಜಿನವಳು ನಾನು ತಿರಸ್ಕರಿಸಿದ ಕಪ್ಪನ್ನೇ ಎತ್ತಿ ತಟ್ಟಿದಳು.

“ಟಣ್ ಅಂತಿದೆಯಲ್ಲಣ್ಣ,” ಅಂದಳು.

ಮೇಲ್ವಿಚಾರಕ ತಟ್ಟಿದ. “ಟಣ್ ಅಂತಿದೆಯಲ್ರೀ.”

ನಾನು ತಟ್ಟಿದೆ. ಟಪ್.

“ಇವತ್ತು ಮನೆಗೆ ಹೋಗಿ ಮಲಕ್ಕೊಳ್ಳಿ,” ಅಂದ ಮೇಲ್ವಿಚಾರಕ, ಬಹಳ ಮೃದುವಾಗಿ. ಅವನೂ ಮೃದು!

ಮನೆಗೆ ಬಂದವನು ಬಾಗಿಲಲ್ಲೇ ಕುಸಿದು ಕೂತೆ. ಕಪ್ಪು ತಟ್ಟುವುದು ಬಿಟ್ಟರೆ ನನಗೆ ಬೇರೆ ವಿದ್ಯೆಯಿಲ್ಲ. ಈ ವಯಸ್ಸಿನಲ್ಲಿ ಕೆಲಸ ಹೋದರೆ? ಹೆಂಡತಿ ನಡೆದದ್ದನ್ನೆಲ್ಲ ಕೇಳಿ, ನನ್ನ ಹಿಂದೆ ಬಂದು ನಿಂತು, ತನ್ನ ಕೈಗಡಿಯಾರ ಬಿಚ್ಚಿ ನನ್ನ ಬಲಗಿವಿಗೆ ಹಿಡಿದಳು.

“ಕೇಳ್ತಾ?”

“ನಿಂತೋಗಿದೆ ಕಣೇ. ಸೆಲ್ ಹಾಕಿಸ್ಬೇಕು.”

ಅದನ್ನೇ ಎಡಗಿವಿಗೆ ಹಿಡಿದಳು. ಟಿಕ್ ಟಿಕ್ ಟಿಕ್.

“ಅರೆ, ಶುರುವಾಯ್ತು!” ಅಂದೆ.

ಹೆಂಡತಿ ಎದುರಿಗೆ ಬಂದು ಕೂತಳು. ಅವಳ ಮುಖದಲ್ಲಿ ಏನೇನೋ ಲೆಕ್ಕ ಓಡುತ್ತಿತ್ತು. “ಹಾಗಾದ್ರೆ... ಆ ಪಿಟೀಲು... ನಿಮಗೆ ನಿಜವಾಗ್ಲೂ ಕೇಳಿಸಿರಲಿಲ್ವಾ?”

ಆಗ ನನಗೂ ಹೊಳೆಯಿತು. ಬೇರೆ ಬೇರೆ ಮೈಕು. ಹೆಡ್‌ಫೋನಿನ ಎಡಕ್ಕೆ ಕೀಬೋರ್ಡು, ಬಲಕ್ಕೆ ಪಿಟೀಲು. ಬಲಗಿವಿ ಕಲ್ಲು! ಇಡೀ ಕಟ್ಟಡದಲ್ಲಿ ಅತ್ಯುತ್ತಮವಾಗಿ ಧ್ವನಿ ಹಿಡಿದವರಿಗೆ ನಾನು ಅರ್ಧ ಅಂಕ ಕೊಟ್ಟಿದ್ದೆ. ಈಗ ಈ ಕಿವಿ ತೋರಿಸಲು ಹೋಗಬೇಕಾದದ್ದು ಯಾರ ಹತ್ತಿರ? ಅವರ ಹತ್ತಿರವೇ.

“ಪಕ್ಕದ ಊರಲ್ಲೊಬ್ರು ಡಾಕ್ಟ್ರು ಇದಾರಂತೆ,” ಅಂದೆ.

“ತಲೆ ಮೇಲೆ ಡಾಕ್ಟ್ರನ್ನ ಇಟ್ಕೊಂಡು ಪಕ್ಕದ ಊರಿಗೆ ಹೋಗ್ತೀರಾ? ಏಳಿ. ಆದ್ರೆ ಒಂದು ಮಾತು. ಅಲ್ಲಿ ಕಿವಿ ತೋರಿಸಿ, ಬಾಯಿ ತೋರಿಸ್ಬೇಡಿ.”

ಆ ಮಾತಿನ ಆಳ ನನಗೆ ತಿಳಿಯಲಿಲ್ಲ.

ಡಾಕ್ಟ್ರಮ್ಮನ ಕ್ಲಿನಿಕ್ಕು ಬೀದಿಯ ಕೊನೆಯಲ್ಲಿದೆ. ಕೂತ ಬೆಂಚಿನ ಎದುರಿಗೇ ಕಿವಿಯೊಳಗಿನ ದೊಡ್ಡ ಬಣ್ಣದ ಚಿತ್ರ. ಅಷ್ಟೊಂದು ಗಲ್ಲಿಗಳಲ್ಲಿ ನನ್ನದು ಯಾವ ಗಲ್ಲಿಯಲ್ಲಿ ಕೆಟ್ಟಿದೆಯೋ ಅಂತ ಬೆವರಿದೆ. ಒಳಗೆ ಕರೆದಾಗ ಹೆಂಡತಿಯೇ ತಳ್ಳಬೇಕಾಯಿತು.

“ಬನ್ನಿ ಬನ್ನಿ, ತೀರ್ಪುಗಾರ್ರು!” ಡಾಕ್ಟ್ರಮ್ಮ ಅದೇ ನಗು ನಕ್ಕರು. ಕೈಯಲ್ಲಿ ಒಂದು ಚೂಪಾದ ಸಲಕರಣೆ ಹೊಳೆಯುತ್ತಿತ್ತು.

ಕಿವಿ ಎಳೆದರು, ದೀಪ ಬಿಟ್ಟು ಇಣುಕಿದರು, “ಓಹೋಹೋ” ಅಂದರು.

“ಡಾಕ್ಟ್ರೇ, ನರ ಹೋಗಿದ್ಯಾ?”

“ನರ ಇದೆಯೋ ಇಲ್ವೋ ನೋಡೋಕೆ ದಾರಿ ಬೇಕಲ್ಲ! ಗುಗ್ಗೆ ಗಟ್ಟಿಯಾಗಿ ಗೋಡೆ ಕಟ್ಟಿಬಿಟ್ಟಿದೆ.”

ಬೆಚ್ಚಗಿನ ನೀರನ್ನು ಪಿಚಕಾರಿಯಲ್ಲಿ ತುಂಬಿ ಬಿಟ್ಟರು. ತಲೆಯೊಳಗೆ ಒಂದು ಅಣೆಕಟ್ಟೆ ಒಡೆಯಿತು. ಹೆಂಡತಿ ಹಿಡಿದಿದ್ದ ಬಟ್ಟಲಿಗೆ ಏನೋ ಬಿತ್ತು. ಅದರ ವರ್ಣನೆ ಬೇಡ. ಹಲಸಿನ ಬೀಜ ನೆನೆಸಿಕೊಳ್ಳಿ, ಸಾಕು.

ಆಹಾ! ಒಮ್ಮೆಗೇ ಲೋಕ ನನ್ನ ಮೇಲೆ ಮಗುಚಿಕೊಂಡಿತು. ಫ್ಯಾನಿನ ಕಿರಿಕಿರಿ, ಬೀದಿಯ ಹಾರ್ನು, ಹೆಂಡತಿಯ ಬಳೆ! ಡಾಕ್ಟ್ರಮ್ಮ ಒಂದು ಸ್ಟೀಲಿನ ಕವೆಯನ್ನು ತಟ್ಟಿ ಕಿವಿಯ ಹತ್ತಿರ ಹಿಡಿದರು. ‘ಟಣ್ಣ್ಣ್’. ಅಷ್ಟು ಮಧುರವಾದ ‘ಟಣ್’ ನಾನು ಜನ್ಮದಲ್ಲಿ ಕೇಳಿರಲಿಲ್ಲ. ಕೆಲಸ ಉಳಿಯಿತು! ಕಣ್ಣಲ್ಲಿ ನೀರು ಬಂತು. ಕೃತಜ್ಞತೆ ಉಕ್ಕಿ, ಬಾಯಿ ತಾನಾಗಿಯೇ ತೆರೆದುಕೊಂಡಿತು.

“ಡಾಕ್ಟ್ರೇ, ಆ ಅರ್ಧ ಅಂಕ...”

ಹೆಂಡತಿ ನನ್ನ ಕಾಲು ತುಳಿದಳು.

“ಅದು ನಿಮ್ಮ ವಿಡಿಯೋದ ತಪ್ಪಲ್ಲ...”

ಇನ್ನೊಂದು ಕಾಲನ್ನೂ ತುಳಿದಳು.

“ನನ್ನ ಬಲಗಿವಿಯದ್ದು! ನಿಮ್ಮ ಪಿಟೀಲು ಇದ್ದದ್ದೇ ಆ ಕಡೆ!”

ಡಾಕ್ಟ್ರಮ್ಮನ ಮುಖ ಅರಳಿತು. “ಹೌದಾ? ಅಯ್ಯೋ, ನಾನು ನನ್ನ ಕೈಲೇ ಏನೋ ದೋಷ ಅಂದ್ಕೊಂಡು ಪಿಟೀಲು ಕಟ್ಟಿಟ್ಟುಬಿಟ್ಟಿದ್ದೆ! ಇವತ್ತು ಸಂಜೆ ನಾವೇ ಬರ್ತೀವಿ. ನಿಮ್ಮ ಸ್ಪೀಕರಲ್ಲೇ ಕೇಳೋಣ!”

ದಾರಿಯುದ್ದಕ್ಕೂ ಹೆಂಡತಿ ಮಾತಾಡಲಿಲ್ಲ. ಎರಡು ಕಿವಿ ಬಂದ ದಿನವೇ ಕೇಳಲು ಏನೂ ಇರಲಿಲ್ಲ.

ಸಂಜೆ ದಂಪತಿ ಬಂದರು. ಕಾರ್ಯದರ್ಶಿಯನ್ನೂ ಸಾಕ್ಷಿಗೆ ಕರೆತಂದಿದ್ದರು. ಡಾಕ್ಟ್ರಮ್ಮ ಸೋಫಾದ ತುದಿಯಲ್ಲಿ ಪರೀಕ್ಷೆಗೆ ಬಂದ ಹುಡುಗಿಯಂತೆ ಕೂತರು. ವಿಡಿಯೋ ಹಾಕಿದೆ. ಕೀಬೋರ್ಡು ಮೆಲ್ಲಗೆ ಶುರುವಾಯಿತು. ಡಾಕ್ಟ್ರಮ್ಮ ಕಮಾನು ಎತ್ತಿದರು, ಎಳೆದರು.

‘ಪಿಟೀಲು ಕುಯ್ಯುವುದು’ ಅನ್ನುವ ಮಾತನ್ನು ನಮ್ಮ ಹಿರಿಯರು ಸುಮ್ಮನೆ ಹುಟ್ಟಿಸಲಿಲ್ಲ ಸ್ವಾಮಿ. ಎಣ್ಣೆ ಕಾಣದ ಗೇಟೊಂದನ್ನು ಯಾರೋ ಬೇಕಂತಲೇ ಮೆಲ್ಲಗೆ ತೆರೆದ ಹಾಗಾಯಿತು. ತೆರೆದವರು ಮುಚ್ಚಿದರು. ಮತ್ತೆ ತೆರೆದರು. ನನ್ನ ಹೊಸ ಕಿವಿಯೊಳಗೆ, ಈಗಷ್ಟೇ ತೊಳೆದ ಆ ಹಸಿ ಗಲ್ಲಿಯಲ್ಲಿ, ಒಂದೊಂದು ಅಪಸ್ವರವೂ ಚಪ್ಪಲಿ ಹಾಕಿಕೊಂಡು ನಡೆದುಹೋಯಿತು. ಕಾರ್ಯದರ್ಶಿ ಚಾವಣಿ ನೋಡುತ್ತಿದ್ದ. ಯಜಮಾನರು ನೆಲ ನೋಡುತ್ತಿದ್ದರು. ಹೆಂಡತಿ ನನ್ನನ್ನು ನೋಡುತ್ತಿದ್ದಳು.

ವಿಡಿಯೋ ಮುಗಿಯಿತು. “ಈಗ ಹೇಳಿ,” ಅಂದರು ಡಾಕ್ಟ್ರಮ್ಮ. “ಕೇಳಿಸ್ತಾ?”

ಸುಳ್ಳು ಹೇಳುವ ಅಗತ್ಯವೇ ಬೀಳಲಿಲ್ಲ. ನನಗೆ ಕೊಟ್ಟ ಕೆಲಸ ಚೆನ್ನಾಗಿ ಕೇಳುತ್ತದೆಯೇ ಅನ್ನುವುದು, ಕೇಳಲು ಚೆನ್ನಾಗಿದೆಯೇ ಅನ್ನುವುದಲ್ಲ. “ಪ್ರತಿಯೊಂದೂ ಕೇಳಿಸ್ತು ಡಾಕ್ಟ್ರೇ. ಒಂದೂ ತಪ್ಪಿಸಿಕೊಳ್ಳಲಿಲ್ಲ,” ಅಂದೆ. ಐದಕ್ಕೆ ಐದು. ಚಿತ್ರಕ್ಕೂ ಐದು. ಹತ್ತಕ್ಕೆ ಹತ್ತು.

ಡಾಕ್ಟ್ರಮ್ಮ ಚಪ್ಪಾಳೆ ತಟ್ಟಿದರು. ಕಾರ್ಯದರ್ಶಿ ಸತ್ತವನ ದನಿಯಲ್ಲಿ, “ಹಾಗಾದ್ರೆ ಸಭೆಯಲ್ಲಿ ಕಛೇರಿ ಇವರದ್ದೇ,” ಅಂದ.

ಹೊರಡುವಾಗ ಯಜಮಾನರು ಹಿಂದುಳಿದು ನನ್ನ ತೋಳು ಹಿಡಿದರು. “ಏನು ಕೆಲಸ ಮಾಡಿದ್ರಿ ಸಾರ್! ನಾನು ಕಷ್ಟಪಟ್ಟು ಎರಡು ಮೈಕಿಟ್ಟಿದ್ದೇ, ಕೇಳುವಾಗ ಬಲಗಡೆ ಬಂದ್ ಮಾಡ್ಕೋಬಹುದು ಅಂತ. ನಿಮ್ಮ ಅರ್ಧ ಅಂಕದಿಂದ ಇಡೀ ಕಟ್ಟಡ ನೆಮ್ಮದಿಯಾಗಿತ್ತು. ದಿನಾ ಬೆಳಿಗ್ಗೆ, ನೀವು ಕಾರ್ಖಾನೆಗೆ ಹೋದ್ಮೇಲೆ ಅಭ್ಯಾಸ ಮಾಡ್ತಿದ್ಳು. ನಿಲ್ಲಿಸಿದ್ಳು. ಎಲ್ರೂ ನಿಮ್ಮನ್ನ ದೇವರು ಅಂತಿದ್ರು.”

ಕೈ ಕುಲುಕಿದ್ದು, ಸಲಾಮು, ತಿಂಡಿ, ಎಲ್ಲದರ ಅರ್ಥ ಒಟ್ಟಿಗೇ ಆಯಿತು. ಬಾಗಿಲು ಹಾಕಿ ಹೆಂಡತಿಯ ಕಡೆ ತಿರುಗಿದೆ.

“ನಿನಗೂ ಗೊತ್ತಿತ್ತಾ?”

“ದಿನಾ ಬೆಳಿಗ್ಗೆ ಮಕ್ಕಳಿಗೆ ಲೆಕ್ಕ ಹೇಳೋಳು ನಾನು. ಗೊತ್ತಿರಲ್ವಾ? ಉಪಾಯವಾಗಿ ಪಿಟೀಲು ನಿಲ್ಸಿದ್ರಿ ಅಂತ, ಮದುವೆಯಾದ್ಮೇಲೆ ಮೊದಲನೇ ಸಲ ನಿಮ್ಮ ಬುದ್ಧಿ ನೋಡಿ ಹೆಮ್ಮೆ ಪಟ್ಟಿದ್ದೆ ರೀ. ಅದೂ ಕೊನೆಗೆ ಗುಗ್ಗೆ ಮಾಡಿದ ಕೆಲಸ!”

ನಾನು ಉತ್ತರ ಕೊಡುವಷ್ಟರಲ್ಲಿ ತಲೆಯ ಮೇಲೆ ಗೇಟು ತೆರೆಯಿತು. ಸಭೆ ಹತ್ತಿರ ಬಂತಲ್ಲ, ಇನ್ನು ಮೇಲೆ ಸಂಜೆಯೂ ಅಭ್ಯಾಸವಂತೆ. ಎಡಕ್ಕೂ ಬಲಕ್ಕೂ ಸಮಸಮವಾಗಿ ಸೀಳುತ್ತಾ ಬಂತು ಸ್ವರ.

ಹೆಂಡತಿ ಕಪಾಟಿನಿಂದ ಹತ್ತಿಯ ಸುರುಳಿ ತೆಗೆದು, ಎರಡು ಉಂಡೆ ಮಾಡಿ, ತನ್ನ ಎರಡೂ ಕಿವಿಗೆ ತುರುಕಿಕೊಂಡಳು. ನಾನು ಆಸೆಯಿಂದ ಕೈ ಚಾಚಿದೆ.

ಸುರುಳಿಯನ್ನು ಒಳಗಿಟ್ಟು ಬೀಗ ಹಾಕಿದಳು. “ನಿಮಗಿಲ್ಲ,” ಅಂದಳು, ಕಿವಿ ಮುಚ್ಚಿಕೊಂಡವರ ದೊಡ್ಡ ದನಿಯಲ್ಲಿ. “ಒಂದು ತಿಂಗಳು ಕಿವಿಯೊಳಗೆ ಏನೂ ಹಾಕ್ಕೋಬಾರ್ದು ಅಂತ ಡಾಕ್ಟ್ರಮ್ಮನೇ ಹೇಳಿದಾರೆ!”