ಹನ್ನೆರಡು ದಿನದ ಬಿರುಗಾಳಿ ಕೋರಿ

ಇಂದ:
ಕು. ಮರುಳಸಿದ್ದಮ್ಮ, ಬಿ.ಎ., ಹಿರಿಯೂರು.

ಗೆ:
ಬಿರುಗಾಳಿಯ ಮುಖ್ಯಾಧಿಕಾರಿಗಳು, ಆಕಾಶ.

ದಿನಾಂಕ: 12-5-1976

ವಿಷಯ: ಮತ್ತೊಮ್ಮೆ ಬೀಸುವ ಬಗ್ಗೆ.
ಉಲ್ಲೇಖ: ತಾವು 25-4-1976ರ ಭಾನುವಾರ ಬೆಳಿಗ್ಗೆ ಬೀಸಿದ್ದು.

ಮಾನ್ಯರೇ,

1. ಗಾಳಿಗೆ ಕಂಬ ಬಿದ್ದರೆ ಕರೆಂಟು ಹೋಗಿ, ಪಂಪು ನಿಂತು, ನಲ್ಲಿ ಒಣಗುವ ಕಾರಣ, ಅರ್ಜಿದಾರಳ ತಂದೆ ಮುರುಗೇಶಪ್ಪನವರು ಆರು ಕೊಡಗಳ ಮೇಲೆ ಸೀಮೆಸುಣ್ಣದಿಂದ ‘ತುರ್ತು’ ಎಂದು ಬರೆದು, ಅವು ಸದಾ ತುಂಬಿರತಕ್ಕದ್ದೆಂದು ಆಜ್ಞೆ ಮಾಡಿದ್ದರು. ತಾಯಿ ಕೊಟ್ರಮ್ಮನವರಾದರೋ, ರಾತ್ರಿ ಕಳೆದದ್ದು ಹಳೇ ನೀರೆಂದು ಪ್ರತಿ ಬೆಳಿಗ್ಗೆ ಅದನ್ನು ಕರಿಬೇವಿನ ಗಿಡಕ್ಕೆ ಸುರಿದು, ಕೊಡ ಬೆಳಗಿ, ಏಳಕ್ಕೆ ನಲ್ಲಿ ಬಂದ ಮೇಲೆ ತುಂಬುವವರು. ಆದ್ದರಿಂದ ಆರೂವರೆಯಿಂದ ಏಳರವರೆಗೆ ತುರ್ತೆಲ್ಲ ಅಂಗಳದಲ್ಲಿ ಬೋರಲು ಬಿದ್ದಿರುತ್ತಿತ್ತು. ತಾವು ಬೀಸಿದ್ದು ಆರೂ ಮುಕ್ಕಾಲಿಗೆ.

2. ತಂದೆಯವರು ವಿವರಣೆ ಕೇಳಲಾಗಿ ತಾಯಿಯವರು, “ನೀರು ಇಡು ಅಂದ್ರಿ. ಹಳೇ ನೀರು ಇಡು ಅಂದಿದ್ರೇನ್ರಿ?” ಎಂದರು.

3. ಕಾರಣ, ಅರ್ಜಿದಾರಳನ್ನು ಪಕ್ಕದ ಮನೆ ಬಸಮ್ಮನವರ ಬಾವಿಗೆ ಅಟ್ಟಲಾಯಿತು. ಸದರಿಯವಳು ಬಿ.ಎ. ಮುಗಿದ ಎರಡು ವರ್ಷಗಳಿಂದ ಮಾತನ್ನೆಲ್ಲ ಡೈರಿಯೊಂದಿಗೇ ಆಡಿಕೊಂಡು ಬಂದವಳು. ಬಾವಿಕಟ್ಟೆಯ ಮೇಲೆ ಬಸಮ್ಮನವರ ಮಗ, ಬ್ಯಾಂಕಿನ ಗುಮಾಸ್ತ ಮೂರ್ತಪ್ಪನವರು ನೀರು ಸೇದುತ್ತಿದ್ದರು.

“ಎಷ್ಟು ಕೊಡ ಬೇಕ್ರಿ?”

ಮನೆಗೆ ಎರಡು ಸಾಕಿತ್ತು. “ಏಳು” ಎಂದಳು.

“ತಂದಿರೋದು ಒಂದೇ. ಏಳು ಸಲ ಬರಬೇಕಾಗ್ತೈತಲ್ರಿ.”

“ಬರ್ತೀನಿ.”

ಏಳನೆಯ ಸಲ ಅವರು ಮಾತಿನ ಭರದಲ್ಲಿ ಹಗ್ಗವನ್ನೇ ಕೈಬಿಟ್ಟು, ಬಿಂದಿಗೆ ಬಾವಿಯ ಪಾಲಾಯಿತು. ಇಬ್ಬರೂ ನಕ್ಕಿದ್ದು ಓಣಿಗೆಲ್ಲ ಕೇಳಿಸಿತೆಂದು ತಿಳಿದುಬಂದಿದೆ.

4. ತದನಂತರ ತಂದೆಯವರು ಮುಚ್ಚಳವಿರುವ ಡ್ರಮ್ಮುಗಳನ್ನು ತಂದು, ಹನ್ನೊಂದು ದಿನಕ್ಕಾಗುವಷ್ಟು ನೀರು ತುಂಬಿ, ತಾಯಿಯವರು ಚೆಲ್ಲದಂತೆ ಬೀಗ ಹಾಕಿ, ಬೀಗದ ಕೈಯನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದಾರೆ. ಅರ್ಜಿದಾರಳಿಗೆ ಬಾವಿಗೆ ಹೋಗಲು ಯಾವುದೇ ಕಾರಣ ಉಳಿದಿಲ್ಲ. ಕಾರಣವಿಲ್ಲದೆ ಹೋಗುವಷ್ಟು ಧೈರ್ಯ ಸದರಿಯವಳಿಗೆ ಮಂಜೂರಾಗಿಲ್ಲ. ಮೂರ್ತಪ್ಪನವರಿಗೆ ಜೂನ್ ಒಂದರಿಂದ ಹೊಸದುರ್ಗಕ್ಕೆ ವರ್ಗವಾಗಿದೆ.

ಆದ್ದರಿಂದ ತಾವು 19ನೇ ತಾರೀಖು ಬೀಸಿ, ಯಾರ ಮನೆಯ ಹೆಂಚನ್ನೂ ಹಾರಿಸದೆ, ಹನ್ನೆರಡು ದಿನ ಕರೆಂಟು ಬಾರದಂತೆ ನೋಡಿಕೊಳ್ಳಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ, ಇನ್ನೂ ಬಾಯಾರಿಕೆಯಲ್ಲಿರುವ
ಮರುಳಸಿದ್ದಮ್ಮ

ಲಗತ್ತುಗಳು:
ಅ) ಡೈರಿಯ 25-4ರ ಪುಟ (ಕೊನೆಯ ಎರಡು ಸಾಲು ಹೊಡೆದುಹಾಕಿದೆ).
ಆ) ಖಾಲಿ ಕೊಡ, ಒಂದು.

ವಿ.ಸೂ.: ಹನ್ನೆರಡನೆಯ ದಿನ 30ನೇ ತಾರೀಖು, ಭಾನುವಾರ. ಅಂದು ಬ್ಯಾಂಕಿಗೆ ರಜೆ ಇರುತ್ತದೆ. ಹನ್ನೆರಡು ದಿನ ಕಷ್ಟವಾದಲ್ಲಿ, ಅದೊಂದೇ ದಿನ ಕರೆಂಟು ತೆಗೆದು, ತಂದೆಯವರ ಜೇಬಿನಿಂದ ಬೀಗದ ಕೈಯನ್ನು ಹಾರಿಸಿಕೊಂಡು ಹೋದರೂ ಸಾಕು.