ಮಾವನ ಸೊಳ್ಳೆ ಏಟು

ನನ್ನ ಸೋದರಮಾವನ ಕೈಯಿಂದ ಏಟು ತಿನ್ನದವರು ಆಗಿನ ಶಿರಂಗಾಲದಲ್ಲಿ ಯಾರಾದರೂ ಇದ್ದರೆ ಅವರು ಆ ಊರಿನವರೇ ಅಲ್ಲ! ಹಾಗೆಂದು ಮಾವನನ್ನು ಜಗಳಗಂಟ ಎಂದುಕೊಳ್ಳಬೇಡಿ. ಇರುವೆ ಸಾಲು ಕಂಡರೆ ಸುತ್ತಿ ಹೋಗುವ ಪ್ರಾಣಿ. ಆದರೆ ಯಾರ ಮೈಮೇಲಾದರೂ ಸೊಳ್ಳೆ ಕೂತಿತೋ, ಮಾವನ ಅಂಗೈ ಅಲ್ಲಿ ಹಾಜರು. ಪಟಾರ್! ಹೊಡೆಸಿಕೊಂಡವರು ಕಣ್ಣು ಕೆಂಪಗೆ ಮಾಡಿ ತಿರುಗುವಷ್ಟರಲ್ಲಿ ಅಂಗೈ ಬಿಡಿಸಿ ತೋರಿಸಿ, "ಕುಂತಿತ್ತು!" ಎನ್ನುತ್ತಿದ್ದ. ಅವನ ಸಮಜಾಯಿಷಿಯೂ ಅದೇ, ಕ್ಷಮೆಯೂ ಅದೇ.

ಒಮ್ಮೆ ಸತ್ಯನಾರಾಯಣ ಪೂಜೆಯ ದಿನ ಕಥೆ ಮೂರನೇ ಅಧ್ಯಾಯಕ್ಕೆ ಬಂದಿತ್ತು. ಪುರೋಹಿತರ ಬೋಳುತಲೆಯ ಮೇಲೆ ಬಿತ್ತು ಏಟು!

"ಏನಯ್ಯಾ ಇದು ಅನಾಚಾರ!"

"ಕುಂತಿತ್ತು, ಸ್ವಾಮಿ."

ಪಾಪ, ಉಳಿದೆರಡು ಅಧ್ಯಾಯಗಳನ್ನು ಅವರು ತಲೆಗೆ ಶಲ್ಯ ಹೊದ್ದೇ ಮುಗಿಸಿದರು.

ಗದ್ದೆಗೆ ಹೊರಟರೆ ಮಾವ ಮೈಕೈಗೆಲ್ಲ ಹೊಂಗೆ ಎಣ್ಣೆ ಬಳಿದುಕೊಳ್ಳುತ್ತಿದ್ದ. ಸೊಳ್ಳೆಯ ಮಾತಿರಲಿ, ಆ ವಾಸನೆಗೆ ನಮ್ಮ ಎತ್ತುಗಳೇ ಮುಖ ತಿರುಗಿಸುತ್ತಿದ್ದವು. ಸಂಜೆಯಾದರೆ ಮನೆ ತುಂಬ ಲಕ್ಕಿ ಸೊಪ್ಪಿನ ಹೊಗೆ. ಕೆಮ್ಮುತ್ತಾ ನಾವೆಲ್ಲ ಜಗಲಿಗೆ ಓಡಿದರೆ, ಒಳಗಿಂದ ಓಡಿಬಂದ ಸೊಳ್ಳೆಗಳು ನಮಗಿಂತ ಮೊದಲೇ ಅಲ್ಲಿ ಸೇರಿರುತ್ತಿದ್ದವು! ಎಲ್ಲಿ ನಿಂತ ನೀರು ಕಂಡರೂ ಚೆಲ್ಲುವುದು ಇನ್ನೊಂದು ಚಟ. ನೆರೆಮನೆಯವರು ಕೋಳಿಗೆಂದು ಇಟ್ಟ ನೀರನ್ನೂ ಬಿಡಲಿಲ್ಲ. ಆ ಮನೆಯಾಕೆ ಬೈದ ಬೈಗುಳ ಹೊಳೆಯಾಚೆಗೂ ಕೇಳಿರಬೇಕು.

ಹೊಳೆಯಾಚೆ ಎಂದರೆ ಮೈಸೂರು ರಾಜ್ಯ. ನಮ್ಮ ಕೊಡಗು ಇನ್ನೂ ಬೇರೆಯೇ ರಾಜ್ಯವಾಗಿದ್ದ ಕಾಲ ಅದು. ಆಗಲೇ ನಮ್ಮೂರಿಗೆ ಪಂಪು ಹೊತ್ತ ಸರ್ಕಾರದವರು ಬಂದು ಮನೆಮನೆಯ ಗೋಡೆಗೂ ಕಲೆ ಬೀಳುವಂತೆ ಸೊಳ್ಳೆಮದ್ದು ಡಿಡಿಟಿ ಹೊಡೆದು, "ಮತ್ತೆ ನಾವು ಬರೋತನಕ ಇದರ ಮೇಲೆ ಸುಣ್ಣಗಿಣ್ಣ ಬಳೀಬೇಡಿ" ಎಂದು ಹೇಳಿ ಹೋದರು. ಊರವರು ಕೇಳಿ ಮರೆತರು. ಮಾವನಿಗೆ ಅದು ವೇದವಾಯಿತು.

ಸರಿಯಾಗಿ ಅದೇ ಹೊತ್ತಿಗೆ ಹೊಳೆಯಾಚೆಯ ಗಂಡಿನ ಕಡೆಯವರು ನನ್ನನ್ನು ನೋಡಲು ಬರುವುದೇ? ನನ್ನ ಹೆತ್ತವ್ವ ಜ್ವರದಲ್ಲಿ ಹೋದಳಂತೆ. ನಾನು ಬೆಳೆದದ್ದು ಅಜ್ಜಿ, ಮಾವನ ಕೈಯಲ್ಲಿ. ಕೊಡಗಿನ ಹೆಣ್ಣೆಂದರೆ ಚಳಿಜ್ವರದ ಸೀಮೆಯವಳೆಂದು ಆಚೆಯವರು ಹಿಂಜರಿಯುತ್ತಿದ್ದರು. ಎರಡು ಸಂಬಂಧ ಹಾಗೇ ತಪ್ಪಿಹೋಗಿತ್ತು. ಇದೂ ತಪ್ಪಿದರೆ? ಅಜ್ಜಿ ಸುಣ್ಣದ ಗಡಿಗೆ ಹಿಡಿದು ಬಂದಳು. ಮಾವ ನಡುಮನೆಯ ಗೋಡೆಗೆ ಬೆನ್ನು ಕೊಟ್ಟು ಕೈ ಚಾಚಿ ನಿಂತ.

"ಸರಿಯೋ ಆಚೆ! ಬಂದೋರು ಈ ಕಲೆ ಕಲೆ ಗೋಡೆ ನೋಡಿ ಏನಂತಾರೆ?"

"ಬಳಿಯೋದಾದ್ರೆ ನನ್ನೂ ಸೇರ್ಸಿ ಬಳಿಯವ್ವಾ!"

ಅಜ್ಜಿಯೇನು ಕಡಿಮೆಯೇ? ಕುಂಚ ಅದ್ದಿ ಮಾವನ ಮೂಗಿಗೇ ಎಳೆದಳು. ಗೋಡೆ ಉಳಿಯಿತು. ಬೆಳ್ಳಗಾದದ್ದು ಮಾವ ಮಾತ್ರ.

ಬಂದವರು ಚಾಪೆಯ ಮೇಲೆ ಕೂತರು. ಗಂಡಿನ ತಾಯಿ ನನ್ನನ್ನು ನೋಡಿದ್ದಕ್ಕಿಂತ ಹೆಚ್ಚಾಗಿ ಗೋಡೆಯನ್ನು ನೋಡಿದರು.

"ಹೆಣ್ಣು ನೋಡೋಕೆ ಬರ್ತೀವಿ ಅಂತ ಹೇಳ್ಕಳ್ಸಿದ್ವಲ್ಲ, ಒಂದು ಕೈ ಸುಣ್ಣ ಬಳಿಸಬಾರದಿತ್ತಾ ಯಜಮಾನ್ರೇ?"

ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಮಾವ ತಲೆ ತಗ್ಗಿಸಿಯೇ ಹೇಳಿದ:

"ಇವಳವ್ವ ಬಾಣಂತನಕ್ಕೆ ಬಂದಾಗ ನಾನೇ ಬಳಿದಿದ್ದೆ ಕಣಮ್ಮ, ಇದೇ ಗೋಡೆಗೆ. ಬೆಳ್ಳಗೆ ಹೊಳೀತಿತ್ತು. ಅದರ ಮಗ್ಗುಲಲ್ಲೇ ಮಲಗಿದ್ಲು, ಚಳಿಜ್ವರ ಬಂತು, ಹೋದ್ಲು. ಈ ಮಗೂಗೆ ಆಗ ಮೂರು ತಿಂಗಳು. ಗೋಡೆ ಚಂದ ನಂಗೆ ಸಾಕಾಗಿದೆ."

ಅದುವರೆಗೆ ನನಗೆ ಯಾರೂ ಇಷ್ಟು ಹೇಳಿರಲಿಲ್ಲ. ಮಾವ ಇಷ್ಟು ವರ್ಷ ಹೊಡೆಯುತ್ತಿದ್ದದ್ದು ಯಾವ ಸೊಳ್ಳೆಗೆಂದು ಆಗ ತಿಳಿಯಿತು. ನಗುತ್ತಿದ್ದೆನಲ್ಲ ಎಂದು ನಾಚಿಕೆಯಾಯಿತು.

ಗಂಡಿನ ತಾಯಿ ಸೆರಗಿನಿಂದ ಮುಖ ಒರೆಸಿಕೊಂಡು, "ಗೋಡೆ ಹಂಗೇ ಇರ್ಲಿ. ಹೆಣ್ಣು ನಮಗೆ ಒಪ್ಗೆ" ಎಂದರು. ಎದ್ದು ಹೊರಡುವಾಗ ಮೆಲ್ಲಗೆ, "ಆ ಔಷಧಿ ನಮ್ಮೂರಿಗೂ ಬರ್ತದಾ?" ಎಂದು ಕೇಳಿದರು.

ಕಲೆಗೋಡೆಯ ಮನೆಯ ಮುಂದೆಯೇ ಚಪ್ಪರ ಹಾಕಿ ಮದುವೆಯಾಯಿತು. ನನ್ನನ್ನು ಕಳಿಸಿಕೊಡುವ ಹೊತ್ತಿಗೆ ಗಾಡಿ ಹೂಡಿ ನಿಂತಿತ್ತು. ಮಾವ ನನ್ನ ತಲೆಯ ಮೇಲೆ ಎರಡೂ ಕೈ ಇಟ್ಟು ನಿಂತವನು ತೆಗೆಯಲೇ ಇಲ್ಲ. ನೋಡುತ್ತೇನೆ, ಅವನ ಕೆನ್ನೆಯ ಮೇಲೆ ದಪ್ಪ ಸೊಳ್ಳೆಯೊಂದು ನೆಮ್ಮದಿಯಾಗಿ ಕೂತು ಹೀರುತ್ತಿದೆ! ಅವನಿಗೆ ಗೊತ್ತೇ ಆಗಲಿಲ್ಲ. ನನಗೆ ತಡೆಯಲಾಗಲಿಲ್ಲ. ಪಟಾರ್! ಮದುಮಗಳು ಹಿರಿಯರ ಕೆನ್ನೆಗೆ ಹೊಡೆದದ್ದನ್ನು ಕಂಡು ದಿಬ್ಬಣಕ್ಕೆ ದಿಬ್ಬಣವೇ ಬೆಚ್ಚಿಬಿತ್ತು.

"ಕುಂತಿತ್ತು ಮಾವ!"

ಅಂಗೈ ಬಿಡಿಸಿದೆ. ಸೊಳ್ಳೆ ತಪ್ಪಿಸಿಕೊಂಡಿತ್ತು. ಕೈ ಮಾತ್ರ ಒದ್ದೆಯಾಗಿತ್ತು.

ಮಾವ ಆ ಕೈ ಹಿಡಿದು, ನನ್ನ ಬೆರಳುಗಳನ್ನು ಒಂದೊಂದಾಗಿ ಕೂಡಿಸಿದ.

"ಹಂಗಲ್ಲ ಕಣವ್ವ, ಸಂದಿ ಬಿಡಬಾರದು. ಹಿಂಗೆ ಹೊಡೀಬೇಕು. ಸರಿಯಾಗಿ ಕಲ್ತ್ಕೋ, ಅಲ್ಲಿ ನಾನಿರಲ್ಲ."