ಪೋಕರ್ ಮೇಜಿನಲ್ಲಿ ಒಂದು ಬೊಗಸೆ

ಎಲ್ಲಿಗೆ ಹೋದರೂ ಬೆಳಿಗ್ಗೆ ಎದ್ದು ಮೊದಲು ಕಾಫಿ ಫಿಲ್ಟರ್ ತೊಳೆಯುವುದು ನನ್ನ ಕೈಗೆ ಅಂಟಿದ ಅಭ್ಯಾಸ. ಗೋವಾದ ಹೋಟೆಲ್ ರೂಮಿನಲ್ಲೂ ಅದೇ ಆಯಿತು. ಚನ್ನರಾಯಪಟ್ಟಣದಿಂದ ಟವೆಲಿನಲ್ಲಿ ಸುತ್ತಿ ತಂದಿದ್ದ ಫಿಲ್ಟರಿಗೆ ಪುಡಿ ಹಾಕಿ, ಹೋಟೆಲಿನವರ ಕೆಟಲಿನಲ್ಲಿ ನೀರು ಕಾಯಿಸಿ ಸುರಿದು, ಡಿಕಾಕ್ಷನ್ ಇಳಿಯಲು ಬಿಟ್ಟೆ. ನಮ್ಮ ಯಜಮಾನರು ಬನಿಯನ್ನಿನಲ್ಲೇ ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಕೂತಿದ್ದರು. ಎದುರಿನ ನದಿಯಲ್ಲಿ ಕ್ಯಾಸಿನೋ ಹಡಗು ನಿಂತಿತ್ತು. ಅವರು ಅದನ್ನು ನೋಡುತ್ತಿದ್ದರೋ, ಗಾಜಿನ ಮೇಲೆ ಹರಿದಾಡುತ್ತಿದ್ದ ನೊಣವನ್ನು ನೋಡುತ್ತಿದ್ದರೋ ಹೇಳುವುದು ಕಷ್ಟ. ಒಂದು ವರ್ಷದಿಂದ ಅವರು ನೋಡುವುದೆಲ್ಲ ಹಾಗೆಯೇ.

ನನ್ನ ಮೈದುನ ಚಂದ್ರು ತೀರಿಕೊಂಡ ಮೇಲೆ ಹೀಗಾದದ್ದು. ದಂಡಿಗನಹಳ್ಳಿಯ ಹಿರಿಯರ ಮನೆಯಲ್ಲಿ ಪ್ರತಿ ಯುಗಾದಿಗೂ ಅಣ್ಣ ತಮ್ಮ ಎದುರುಬದುರು ಕೂತು ಇಸ್ಪೀಟು ಆಡಿದವರು. ಪಣಕ್ಕೆ ದುಡ್ಡಲ್ಲ, ಹುಣಸೆ ಬೀಜ. ನಮ್ಮ ಅತ್ತೆಯವರು ಒಂದು ಕಟ್ಟಳೆ ಮಾಡಿಟ್ಟಿದ್ದರು: ವರ್ಷದ ಮೊದಲ ದಿನ ಯಾರೂ ಬರಿಗೈಯಲ್ಲಿ ಆಟದಿಂದ ಏಳಬಾರದು. ಯಾರ ಬೀಜ ಮುಗಿಯುತ್ತ ಬಂತೋ ಅವರಿಗೆ, ಹೆಚ್ಚಿರುವವರು ಒಂದು ಬೊಗಸೆ ತಳ್ಳಬೇಕು. ಚಂದ್ರು ಸೋಲುವುದರಲ್ಲಿ ನಿಸ್ಸೀಮ. "ಅಣ್ಣಾ, ತಳ್ಳೋ ಒಂದ್ ಬೊಗ್ಸೆ" ಎಂದು ಕೈ ಚಾಚಿದರೆ ಇವರು ಬೈದುಕೊಂಡೇ ತಳ್ಳುತ್ತಿದ್ದರು. ಹೋದ ಯುಗಾದಿಗೆ ಎಲೆಗಳ ಕಟ್ಟನ್ನು ಯಾರೂ ಬಿಚ್ಚಲಿಲ್ಲ. ಇವರು ಹೋಳಿಗೆಯನ್ನೂ ಮುಟ್ಟದೆ ಅಂಗಳದಲ್ಲಿ ಸ್ಕೂಟರ್ ಒರೆಸುತ್ತ ಕೂತರು. ಒರೆಸಿದ್ದನ್ನೇ ಒರೆಸಿದರು.

ಗೋವಾದ ಯೋಚನೆ ಪಕ್ಕದ ಮನೆಯ ಬೋರೇಗೌಡರದು. ಹಾಸನದಲ್ಲಿ ಆಲೂಗೆಡ್ಡೆ ಮಂಡಿ ಇಟ್ಟಿರುವ ಅವರಿಗೆ ಪ್ರಪಂಚದ ಯಾವ ಕಾಯಿಲೆಗೂ ಒಂದು ಟೂರೇ ಮದ್ದು. ನಮ್ಮವರು ಹೈಸ್ಕೂಲ್ ಮೇಷ್ಟ್ರು, ಬೇಸಿಗೆ ರಜ ಬೇರೆ ಬಂದಿತ್ತು.

"ಮೇಷ್ಟ್ರನ್ನ ಮನೇಲಿ ಕೂರುಸ್ಕಂಡಿದ್ರೆ ಇಂಗೇ ಒಣಗೋಯ್ತಾರೆ ಕಣಕ್ಕ," ಎಂದರು ಕಾಂಪೌಂಡಿನ ಆಚೆಯಿಂದ. "ಕ್ಯಾಸಿನೋಗೆ ಕರ್ಕಂಡೋಗವ. ಅಲ್ಲಿ ಪೋಕರ್ ಟೂರ್ನಮೆಂಟು ಅಂತ ನಡೀತದೆ. ಎಲೆ ಕೈಗ್ ಬಂದ್ರೆ ಸಾಕು, ಮನ್ಸ ತಾನಾಗೇ ಚಿಗುರ್ಕತಾನೆ."

ನನಗೆ ಅದು ಡಾಕ್ಟರು ಬರೆದುಕೊಟ್ಟ ಔಷಧಿಯಷ್ಟೇ ಖಾತ್ರಿ ಎನಿಸಿತು. ಆದರೆ ಇವರು ತಮಗೋಸ್ಕರ ಹೊರಡುವವರಲ್ಲ. ಅದಕ್ಕೇ ಒಂದು ಉಪಾಯ ಮಾಡಿದೆ.

"ನಂಗೆ ಒಂದಾಸೆ ಇದೆ ರೀ. ಸಾಯೋದ್ರೊಳಗೆ ಒಂದ್ಸಲ ಕ್ಯಾಸಿನೋದಲ್ಲಿ ಕೂತು ಎಲೆ ಆಡಬೇಕು."

ಕಾನ್ವೆಂಟಿನಲ್ಲಿ ನೀತಿಪಾಠ ಹೇಳಿದ ಸಿಸ್ಟರ್ ಕೇಳಿಸಿಕೊಂಡಿದ್ದರೆ ಜಪಮಾಲೆ ಕೈಜಾರುತ್ತಿತ್ತು. ಇವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, "ನಿಂಗೆ ಆಸೆ ಇದ್ರೆ ಹೋಗೋಣ ಬಿಡು" ಎಂದರು. ಮೊದಲ ಹೆಜ್ಜೆಯಲ್ಲೇ ಗೆದ್ದೆ ಎಂದುಕೊಂಡೆ.

ಆ ಬೆಳಿಗ್ಗೆ ಕಾಫಿ ಕುಡಿದು ಮೂವರೂ ಹಡಗು ಹತ್ತಿದೆವು. ಪ್ರವಾಸಿಗರಿಗೆಂದೇ ಹಗಲು ಹೊತ್ತು ನಡೆಸುವ ಚಿಕ್ಕ ಪಂದ್ಯ. ಎಲ್ಲರಿಗೂ ಪಣಕ್ಕೆಂದು ಒಂದೇ ಸಮನಾಗಿ ಬಣ್ಣದ ಬಿಲ್ಲೆ ಕೊಡುತ್ತಾರೆ. ಬಿಲ್ಲೆ ಮುಗಿದವರು ಏಳಬೇಕು, ಕೊನೆಗೆ ಉಳಿದವರು ಗೆದ್ದಂತೆ. ಕೈಯಲ್ಲಿ ಗುಟ್ಟಾಗಿ ಎರಡು ಎಲೆ, ಮೇಜಿನ ನಡುವೆ ಬಯಲಾಗಿ ಐದು ಎಲೆ. ನಿಯಮಗಳ ಹಾಳೆ ಇಂಗ್ಲಿಷಿನಲ್ಲಿತ್ತು. ಅದನ್ನು ಓದಿ ಇಬ್ಬರಿಗೂ ಅರ್ಥ ಹೇಳುವ ಮಹತ್ತರ ಜವಾಬ್ದಾರಿಯನ್ನು ಕಾನ್ವೆಂಟಿನಲ್ಲಿ ಓದಿದವಳಾದ ನಾನೇ ವಹಿಸಿಕೊಂಡೆ. ಸಾವಕಾಶವಾಗಿ, ಉದಾಹರಣೆ ಸಮೇತ ಹೇಳಿದೆ. ಹಾಳೆಗೆ ಹಿಂಬದಿಯೂ ಇದೆ ಎಂಬುದನ್ನು ಮಾತ್ರ ಗಮನಿಸಲಿಲ್ಲ.

ಶುರುವಿನಲ್ಲಿ ನನ್ನದೇ ಬೇರೆ ಮೇಜು, ಅವರಿಬ್ಬರದೇ ಬೇರೆ. ಎಲೆ ಹಂಚುವ ಹುಡುಗಿಯ ಉಗುರಿನ ಗುಲಾಬಿ ಬಣ್ಣ ಹೆಬ್ಬೆರಳಲ್ಲಿ ಮಾತ್ರ ಸವೆದುಹೋಗಿತ್ತು. ಪಾಪ, ದಿನಾ ಎಷ್ಟು ಹಂಚುತ್ತಾಳೋ ಎಂದು ಒಂದೊಂದು ಎಲೆಗೂ "ಥ್ಯಾಂಕ್ಯೂ" ಹೇಳಿದೆ. ಯಾರದಾದರೂ ಬಿಲ್ಲೆ ಗೆದ್ದಾಗ ಅವರ ಕಡೆ ತಿರುಗಿ "ಸಾರಿ" ಎಂದೆ. ಕಪ್ಪು ಕನ್ನಡಕದ ಬೆಂಗಳೂರಿನವರೊಬ್ಬರು ತಾಳ್ಮೆಗೆಟ್ಟು, "ಮೇಡಂ, ಇದು ಜೂಜು. ನೀವು ಅರಿಶಿನ ಕುಂಕುಮಕ್ಕೆ ಬಂದಂಗೆ ಕೂತಿದ್ದೀರಿ" ಎಂದರು. ಅವರಿಗೂ ಸಾರಿ ಎಂದೆ.

ಒಳ್ಳೆಯ ಎಲೆ ಬಂದರೆ ನಾನು ನನಗೇ ತಿಳಿಯದೆ ಸೆರಗು ಸರಿಮಾಡಿಕೊಳ್ಳುತ್ತೇನಂತೆ. ಇದು ನನ್ನೊಬ್ಬಳನ್ನು ಬಿಟ್ಟು ಮೇಜಿಗೆಲ್ಲ ಗೊತ್ತಾಯಿತು. ನಾನು ಬಿಲ್ಲೆ ಮುಂದಿಟ್ಟು ಸೆರಗಿಗೆ ಕೈಹಾಕಿದರೆ ಎಲ್ಲರೂ ಎಲೆ ಎಸೆದು, ಆ ಸುತ್ತನ್ನೇ ಬಿಟ್ಟುಕೊಟ್ಟು ಕೈಕಟ್ಟಿ ಕೂರುತ್ತಿದ್ದರು. ಅಷ್ಟರಲ್ಲಿ ಏಸಿ ಜೋರಾಯಿತು. ಚಳಿಗೆ ನಾನು ಸೆರಗು ಹೊದೆಯುತ್ತಲೇ ಹೋದೆ, ಅವರು ಎಲೆ ಎಸೆಯುತ್ತಲೇ ಹೋದರು. ಎರಡರದೊಂದು, ಏಳರದೊಂದು ಅಂತ ಕೆಲಸಕ್ಕೆ ಬಾರದ ಎಲೆ ಇಟ್ಟುಕೊಂಡು ಗುಡ್ಡೆ ಬಿಲ್ಲೆ ಬಾಚಿದವಳು ಆ ಹಡಗಿನ ಇತಿಹಾಸದಲ್ಲೇ ನಾನೊಬ್ಬಳಿರಬೇಕು.

ಮಧ್ಯಾಹ್ನ ಉಳಿದವರನ್ನೆಲ್ಲ ಒಂದೇ ಮೇಜಿಗೆ ಸೇರಿಸಿದರು. ಇವರು ನನ್ನ ಪಕ್ಕಕ್ಕೇ ಬಂದರು. ಅವರ ಆಚೆ ಬದಿಗೆ ಬೋರೇಗೌಡರು. ಒಳ್ಳೆ ರೇಟು ಬರುವತನಕ ಆಲೂಗೆಡ್ಡೆ ಕೋಲ್ಡ್ ಸ್ಟೋರೇಜಿನಲ್ಲಿಡುವವರಂತೆ ಸುಮ್ಮನೆ ಕಾದಿದ್ದು, ಒಂದೇ ಒಂದು ಸಲ ಆಡಿ ದುಪ್ಪಟ್ಟು ಮಾಡಿಕೊಂಡಿದ್ದರು. ನಮ್ಮವರ ಮುಂದೆ ಮಾತ್ರ ಬಿಲ್ಲೆ ಕರಗುತ್ತಿತ್ತು. ಆಡಲಿ ಬಿಡಲಿ, ಸರದಿ ಬಂದಾಗ ಒಂದಿಷ್ಟು ಕಟ್ಟಲೇಬೇಕು. ಇವರು ಎಲೆಯ ತುದಿ ಎತ್ತಿ ನೋಡುವರು, ಮುಚ್ಚಿ ಎಸೆಯುವರು. ಮತ್ತೆ ನೋಡುವರು, ಮತ್ತೆ ಎಸೆಯುವರು. ಇಂಥ ದಿನವೂ ದೇವರು ಇವರಿಗೆ ಒಂದು ಒಳ್ಳೆಯ ಎಲೆ ಕೊಡಬಾರದೇ ಎಂದು ಒಳಗೊಳಗೇ ಬೈದುಕೊಂಡೆ. ಕೊನೆಗೆ ಅವರ ಮುಂದೆ ಎರಡೋ ಮೂರೋ ಬಿಲ್ಲೆ ಉಳಿದವು.

ಇನ್ನು ಇವರು ಏಳುತ್ತಾರೆ. ಎದ್ದು ಹೋಗಿ ಮತ್ತೆ ಆ ಕಿಟಕಿಯ ಪಕ್ಕ ಕೂರುತ್ತಾರೆ.

ಎರಡೂ ಕೈ ಸೇರಿಸಿ, ನನ್ನ ಗುಡ್ಡೆಯಿಂದ ತುಂಬು ಬೊಗಸೆ ಬಿಲ್ಲೆ ಎತ್ತಿ ಅವರ ಮುಂದೆ ಸುರಿದೆ. "ತಗೊಳ್ಳಿ. ಬರಿಗೈಲಿ ಏಳಬೇಡಿ."

ಎಲೆ ಹಂಚುವ ಹುಡುಗಿಯ ಕೈ ಗಾಳಿಯಲ್ಲೇ ನಿಂತಿತು. ಕಪ್ಪು ಕನ್ನಡಕದವರು ಕನ್ನಡಕ ತೆಗೆದು ನೋಡಿದರು. ಕಪ್ಪು ಕೋಟಿನ ಮ್ಯಾನೇಜರ್ ಬಂದರು. ನನ್ನ ಸಕಲ ಇಂಗ್ಲಿಷನ್ನೂ ಒಟ್ಟುಗೂಡಿಸಿ ಅವರಿಗೆ ಯುಗಾದಿ, ನಮ್ಮ ಅತ್ತೆ, ಹುಣಸೆ ಬೀಜ, ಎಲ್ಲವನ್ನೂ ವ್ಯಾಕರಣಬದ್ಧವಾಗಿ ವಿವರಿಸಿದೆ. ಪುಣ್ಯಾತ್ಮರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ನಿಯಮಗಳ ಹಾಳೆಯನ್ನು ಮಗುಚಿ ಹಿಂಬದಿ ತೋರಿಸಿದರು. ಒಬ್ಬರ ಬಿಲ್ಲೆ ಇನ್ನೊಬ್ಬರಿಗೆ ಕೊಡುವುದು ಮೋಸ. ಕೊಟ್ಟವರೂ ಹೊರಕ್ಕೆ, ಪಡೆದವರೂ ಹೊರಕ್ಕೆ. ಹುಟ್ಟಿದಾಗಿನಿಂದ ಬಸ್ಸಿನಲ್ಲಿ ಟಿಕೆಟಿಲ್ಲದೆ ಕೂತವಳಲ್ಲ ನಾನು. ಅಂಥವಳು ಗೋವಾದವರೆಗೂ ಹೋಗಿ ಗಂಡನ ಸಮೇತ ಮೋಸಗಾರ್ತಿಯಾದೆ!

ಇವರು ತಮ್ಮ ಮುಂದೆ ಚೆಲ್ಲಿದ್ದ ಬಿಲ್ಲೆಗಳನ್ನೇ ನೋಡುತ್ತಿದ್ದರು. ಆಮೇಲೆ ಅವನ್ನು ಒಂದರ ಮೇಲೊಂದು ಜೋಡಿಸಿ, ಮೆಲ್ಲಗೆ ನನ್ನ ಕಡೆಗೆ ತಳ್ಳಿ ಎದ್ದರು.

ಸಂಜೆ ಹಡಗಿನ ಮೇಲಂತಸ್ತಿನ ಬೆಂಚಿನಲ್ಲಿ ಕೂತೆವು. ಕೆಳಗೆ ದೋಣಿಯೊಂದು ಜನರನ್ನು ದಡಕ್ಕೆ ಒಯ್ಯುತ್ತಿತ್ತು.

"ನಿಮ್ಮ ಆಟ ಹಾಳು ಮಾಡಿದೆ," ಎಂದೆ.

"ಇರ್ಲಿ ಬಿಡು."

"ನಂಗೆ ಆ ಹಿಂಬದಿ ಕಾಣಲೇ ಇಲ್ಲ ರೀ."

"ಇರ್ಲಿ ಅಂದ್ನಲ್ಲ. ನಿಂಗೆ ಚಳಿ ಆಗ್ತಿದೆ, ಟೀ ತರ್ತೀನಿ ಇರು," ಎಂದು ಎದ್ದು ಹೋದರು.

ಅವರ ಬೆನ್ನು ನೋಡುತ್ತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮಾನ ಹೋದರೆ ಹೋಗಲಿ, ವರ್ಷದ ಮೇಲೆ ಅವರ ಕೈಗೆ ಎಲೆ ಹಿಡಿಸಿದೆನಲ್ಲ. ಅರ್ಧ ದಿನವಾದರೂ ದುಃಖ ಮರೆತು ಆಡಿದರಲ್ಲ. ಇಷ್ಟೊಂದು ಅರ್ಥಮಾಡಿಕೊಳ್ಳುವ ಹೆಂಡತಿ ಎಷ್ಟು ಜನಕ್ಕೆ ಸಿಗುತ್ತಾಳೆ?

ಅಷ್ಟರಲ್ಲಿ ಬೋರೇಗೌಡರು ಬಂದರು. ಮೂರನೆಯವರಾಗಿ ಉಳಿದದ್ದಕ್ಕೆ ಕೊಟ್ಟ ಹೊಸ ಟೋಪಿ ತಲೆಯ ಮೇಲಿತ್ತು, ಕೈಯಲ್ಲಿ ಐಸ್‌ಕ್ರೀಮಿನ ಬಟ್ಟಲು. ಚಮಚ ನೆಕ್ಕುತ್ತ ಪಕ್ಕದಲ್ಲಿ ಕೂತರು.

"ಅಲ್ಲ ಕಣಕ್ಕ, ಮೇಷ್ಟ್ರು ಎರಡೆರಡು ರಾಜ ಬಂದಿದ್ರೂ ಮುಚ್ಚಿ ಎಸೆದ್ಬುಟ್ರು, ನಾನೇ ಇಣುಕಿ ನೋಡ್ದೆ. ಯಾಕ್ ಸಾ ಅಂದ್ರೆ, 'ಆಸೆಪಟ್ಟು ಬಂದಿರೋಳು ಅವಳು, ಅವಳು ಆಡ್ಲಿ. ನನ್ ಕೈಲಾಗಲ್ಲ ಗೌಡ್ರೆ, ಬೇಗ ಸೋತು ಆಚೆ ಓಗಿ ಕೂತ್ಕತೀನಿ' ಅಂದ್ರು. ನೀವ್ ನೋಡುದ್ರೆ ಬಿಲ್ಲೆ ಸುರ್ದು ಇಡ್ಕಂಡ್ ಕೂರ್ಸಕ್ಕೋದ್ರಿ. ಐಸ್‌ಕ್ರೀಮು ಕೆಳಗೆ ಪುಕ್ಕಟೆ ಕೊಡ್ತಾವ್ರೆ, ತರ್ಲಾ?"